ಸೆರಗು ನೋಡಿ ಸೈನ್ಯ ಕೊಳ್ಳಬೇಡಿ

ಸಲಹೆ ಕೊಡುವವರಿಗೆ ಎಲ್ಲಿಯೂ ಬರವಿಲ್ಲ. ಹೆಣ್ಣುಮಗಳೊಬ್ಬಳು ಹೊಲಿಗೆ ಯಂತ್ರ ಕೊಳ್ಳಲು ಹೊರಟರೂ ಸರಿ, ಸ್ಕೂಟರ್ ಕೊಳ್ಳಲು ಹೊರಟರೂ ಸರಿ, ಅವಳ ಕೈಗೆ ಯಾವುದು ಒಗ್ಗುತ್ತದೆ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲ ನಾಲ್ಕು ಮಂದಿ ಎಲ್ಲಿಂದಲೋ ಎದ್ದು ಬರುತ್ತಾರೆ. ಮೇಜಿನ ಮೇಲೆ ಆಡುವ ಗೊಂಬೆ ಸೈನ್ಯವನ್ನು ಆರಿಸುವಾಗಲೂ ಈ ನಾಲ್ವರು ತಪ್ಪದೆ ಹಾಜರಾಗುತ್ತಾರೆ. 'ಗೆಲ್ಲುವ ಸೈನ್ಯ ತಗೊಳ್ಳಿ' ಎನ್ನುತ್ತಾನೆ ಮೊದಲನೆಯವನು. 'ಹೊಸಬರಿಗೆ ಸುಲಭದ್ದು ತಗೊಳ್ಳಿ' ಎನ್ನುತ್ತಾನೆ ಎರಡನೆಯವನು. 'ಹುಡುಗಿಯರಿಗೆಂದೇ ಒಂದಿದೆಯಲ್ಲ' ಎನ್ನುತ್ತಾನೆ ಮೂರನೆಯವನು. ನಾಲ್ಕನೆಯವನು ಬಾಯಿ ಬಿಡುವುದೇ ಇಲ್ಲ. ಪೆಟ್ಟಿಗೆ ತಂದಿಟ್ಟು ಬಿಲ್ ಮಾಡಿಸಿಬಿಡುತ್ತಾನೆ. ಈ ನಾಲ್ವರಲ್ಲಿ ಒಬ್ಬರ ಮಾತನ್ನೂ ಕೇಳಬೇಡಿ ಎಂದು ಹೇಳುವುದಕ್ಕೇ ನಾನು ಕೂತಿರುವುದು.

ಗೊಂಬೆ ಸೈನ್ಯದ ಗೊಡವೆ ನಮಗೇಕೆ ಎಂದು ಪುಟ ತಿರುಗಿಸಬೇಡಿ. ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಈಗ ನಮ್ಮ ಊರುಗಳಲ್ಲಿ ಬೀದಿಗೆ ನಾಲ್ಕಿವೆ. ಅಲ್ಲಿಗೆ ಹೋಗಿ ಆರು ತಿಂಗಳಿದ್ದು ಬರುವ ಅಜ್ಜಿಯರಲ್ಲಿ ನಾನೂ ಒಬ್ಬಳು. ನನ್ನ ಮಗಳ ಮನೆ ಇಂಗ್ಲೆಂಡಿನಲ್ಲಿದೆ. ಹನ್ನೆರಡು ವರ್ಷದ ಮೊಮ್ಮಗಳಿಗೆ ಈ ಆಟದ ಹುಚ್ಚು. ಬೆಂಗಳೂರಿನಲ್ಲೂ ಆಡುವವರಿದ್ದಾರೆ. ನಾಳೆ ನಿಮ್ಮ ಮನೆಯ ಮಗುವೂ ಕೇಳೀತು. ದುಡ್ಡು ಕೊಡಬೇಕಾದವರು ನೀವೇ, ಊಟದ ಮೇಜು ಬಿಟ್ಟುಕೊಡಬೇಕಾದವರೂ ನೀವೇ. ಯಾರು ಬಲ್ಲರು, ಮಗುವಿಗಿಂತ ಮೊದಲು ನಿಮಗೇ ಆಸೆ ಹುಟ್ಟಿದರೂ ಹುಟ್ಟೀತು.

ಆಟ ಹೀಗಿದೆ. ಸುಮಾರು ಐದಡಿ ಉದ್ದದ ಮೇಜು. ಅದರ ಮೇಲೆ ಪ್ಲಾಸ್ಟಿಕ್ಕಿನ ಪಾಳುಗೋಡೆ, ಬಂಡೆ, ಗಿಡ. ಅವುಗಳ ನಡುವೆ ಒಂದೂಕಾಲು ಅಂಗುಲದ ಸಿಪಾಯಿಗಳು. ಚದುರಂಗದ ಹಾಗೆ ಮನೆಗಳಿಲ್ಲ. ದರ್ಜಿಯ ಟೇಪಿನಂಥ ಟೇಪು ಹಿಡಿದು ಇಷ್ಟಿಂಚು ಎಂದು ಅಳೆದು ಸಿಪಾಯಿಗಳನ್ನು ನಡೆಸಬೇಕು. ಹಾರಿಸಿದ ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪ್ರತಿ ಸಿಪಾಯಿಗೂ ಇಷ್ಟು ಅಂಕ ಎಂಬ ಬೆಲೆಯಿದೆ. ಇಬ್ಬರೂ ಸಾವಿರ ಅಂಕವೋ ಎರಡು ಸಾವಿರ ಅಂಕವೋ ಎಂದು ಒಪ್ಪಿಕೊಂಡು ಅಷ್ಟರೊಳಗೆ ಸೈನ್ಯ ಹೊಂದಿಸಿಕೊಂಡು ಬರುತ್ತಾರೆ. ಚದುರಂಗದಲ್ಲಿ ಇಬ್ಬರಿಗೂ ಒಂದೇ ಸೈನ್ಯ, ಕಪ್ಪು ಬಿಳುಪಿನ ವ್ಯತ್ಯಾಸ ಅಷ್ಟೆ. ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಯ ಸೈನ್ಯಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳದೆ ಆಟ ಶುರುವೇ ಆಗುವುದಿಲ್ಲ. ತಾಪತ್ರಯ ಅಲ್ಲಿಂದಲೇ.

ಇಂಥ ಆಟಗಳು ಅನೇಕ. ನಾನು ಹೇಳುತ್ತಿರುವುದು ಅವುಗಳಲ್ಲಿ ಅತಿ ಹೆಸರುವಾಸಿಯಾದ ವಾರ್‌ಹ್ಯಾಮರ್ 40,000 ಎಂಬುದರ ಬಗ್ಗೆ. ಅದರ ಕಥೆ ನಡೆಯುವುದು ಇನ್ನು ಮೂವತ್ತೆಂಟು ಸಾವಿರ ವರ್ಷಗಳಾಚೆ, ನಕ್ಷತ್ರಲೋಕದಲ್ಲಿ. ಮಾಡುವ ಕಂಪನಿ ಗೇಮ್ಸ್ ವರ್ಕ್‌ಶಾಪ್. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಹುಟ್ಟುಹಾಕಿದ್ದು, ಈಗ ನಾಟಿಂಗ್‌ಹ್ಯಾಮಿನಲ್ಲಿದೆ. ಈ ಆಟ ಹೊರಬಂದದ್ದು 1987ರಲ್ಲಿ. 2024ರ ಡಿಸೆಂಬರಿನಲ್ಲಿ ಈ ಕಂಪನಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಪಟ್ಟಿಗೆ ಸೇರಿತು. ಗೊಂಬೆ ಮಾರಿ ಬ್ಯಾಂಕುಗಳ ಪಕ್ಕದಲ್ಲಿ ಕೂತಿದೆ ಎಂದರೆ ಗೊಂಬೆಯ ಬೆಲೆ ಎಷ್ಟಿದ್ದೀತು ಎಂದು ನೀವೇ ಊಹಿಸಿಕೊಳ್ಳಿ.

ಬೆಲೆ ಅಲ್ಲಿಗೇ ಮುಗಿಯುವುದಿಲ್ಲ. ಈ ಸಿಪಾಯಿಗಳು ತಯಾರಾಗಿ ಬರುವುದಿಲ್ಲ. ಕೈ ಬೇರೆ, ಕಾಲು ಬೇರೆ, ತಲೆ ಬೇರೆಯಾಗಿ ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಕತ್ತರಿಸಬೇಕು, ಅಚ್ಚಿನ ಗೆರೆ ಹೆರೆಯಬೇಕು, ಅಂಟಿಸಬೇಕು, ಮೊದಲ ಬಣ್ಣ ಸಿಂಪಡಿಸಬೇಕು. ಆಮೇಲೆ ಮೈಬಣ್ಣ, ಅದರ ಮೇಲೆ ಸಂದುಗೊಂದಿಗೆ ಇಳಿದು ನೆರಳು ಮಾಡುವ ತೆಳು ಬಣ್ಣ, ಅದು ಒಣಗಿದ ಮೇಲೆ ಕುಂಚದಲ್ಲಿ ಬಣ್ಣ ಇದ್ದೂ ಇಲ್ಲದ ಹಾಗೆ ಉಬ್ಬುಗಳ ಮೇಲೆ ಸವರುವುದು. ಹೊಸಬರ ಕೈಗೆ ಒಂದು ಸಿಪಾಯಿಗೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ಅರವತ್ತು ಸಿಪಾಯಿಗಳಿಗೆ ನೂರಿಪ್ಪತ್ತು ಗಂಟೆ. ದಿನಕ್ಕೆ ಒಂದು ಗಂಟೆ ಸಿಕ್ಕಿದರೆ ನಾಲ್ಕು ತಿಂಗಳು. ಮನೆಗೆಲಸ ಮುಗಿಸಿದ ಹೆಂಗಸಿಗೆ ದಿನಕ್ಕೊಂದು ಗಂಟೆ ಸಿಗುವುದೇ ಒಂದು ಪವಾಡವಲ್ಲವೇ? ಇಷ್ಟಾಗಿ ಆಟ ನಡೆಯುವುದು ಮೂರು ಗಂಟೆ.

ಈ ಲೆಕ್ಕವನ್ನು ಮೊದಲನೆಯ ಸಲಹೆಗಾರ ಹೇಳುವುದೇ ಇಲ್ಲ. ಅವನ ಕೈಯಲ್ಲಿ ಒಂದು ಪಟ್ಟಿಯಿರುತ್ತದೆ: ಪಂದ್ಯಗಳಲ್ಲಿ ಯಾವ ಸೈನ್ಯ ನೂರಕ್ಕೆ ಎಷ್ಟು ಸಲ ಗೆದ್ದಿತು ಎಂದು. ಮೇಲಿರುವುದನ್ನು ಕೊಂಡರೆ ಗೆಲುವು ಖಂಡಿತ ಎನ್ನುತ್ತಾನೆ, ಪರೀಕ್ಷೆಯ ಗೈಡು ಮಾರುವವರ ಹಾಗೆ. ಆದರೆ ಆಟದ ನಿಯಮಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ. 2017ರಲ್ಲಿ ಹೊಸ ನಿಯಮದ ಪುಸ್ತಕ ಬಂತು, 2020ರಲ್ಲಿ ಮತ್ತೊಂದು, 2023ರಲ್ಲಿ ಇನ್ನೊಂದು. ನಡುವೆ ಯಾವುದಾದರೂ ಸೈನ್ಯ ತುಂಬ ಗೆಲ್ಲುತ್ತಿದೆ ಎನ್ನಿಸಿದರೆ ಕಂಪನಿಯವರು ಅದರ ಅಂಕದ ಬೆಲೆ ಏರಿಸುತ್ತಾರೆ, ಸೋಲುತ್ತಿದ್ದರೆ ಇಳಿಸುತ್ತಾರೆ. ಇದು ವರ್ಷಕ್ಕೆ ಹಲವು ಸಲ ನಡೆಯುತ್ತದೆ. ಅಂದರೆ ಪಟ್ಟಿಯ ತುದಿಯಲ್ಲಿರುವ ಸೈನ್ಯವನ್ನೇ ಹಿಡಿದು ಕೆಳಗಿಳಿಸುವುದು ಅವರ ಕೆಲಸ. ನೀವು ನಾಲ್ಕು ತಿಂಗಳು ಕಣ್ಣು ಕಿರಿದು ಮಾಡಿಕೊಂಡು ಬಣ್ಣ ಹಚ್ಚಿ ಮುಗಿಸುವ ಹೊತ್ತಿಗೆ ಗೆಲ್ಲುವ ಸೈನ್ಯ ಬೇರೆಯೇ ಆಗಿರುತ್ತದೆ. ಆಗ ಅದೇ ಸಲಹೆಗಾರ ಬಂದು, 'ಅಯ್ಯೋ, ಅದೀಗ ಹಳೆಯದಾಯಿತಲ್ಲ' ಎನ್ನುತ್ತಾನೆ.

ಸೋಲುತ್ತಲೇ ಇದ್ದರೆ ಮಗುವಿಗೆ ಬೇಸರವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಹೊಸಬರು ಸೋಲುವುದು ಸೈನ್ಯದ ದೆಸೆಯಿಂದಲ್ಲ. ಈ ಆಟದಲ್ಲಿ ಅಂಕ ಬರುವುದು ಹೆಚ್ಚಾಗಿ ಮೇಜಿನ ಮೇಲೆ ಗುರುತು ಮಾಡಿದ ಜಾಗಗಳನ್ನು ಹಿಡಿದು ನಿಂತಿದ್ದಕ್ಕೆ. ಹೊಸಬರು ಅದನ್ನು ಮರೆತು ಎದುರಾಳಿಯನ್ನು ಕೊಲ್ಲುವ ಉತ್ಸಾಹದಲ್ಲಿ ಜಾಗ ಬಿಟ್ಟು ಓಡುತ್ತಾರೆ. ಹತ್ತು ಆಟವಾದ ಮೇಲೆ ಬುದ್ಧಿ ಬರುತ್ತದೆ. ಯಾವ ಸೈನ್ಯ ಕೊಂಡರೂ ಆ ಹತ್ತು ಸೋಲನ್ನು ತಪ್ಪಿಸಿಕೊಳ್ಳಲಾಗದು.

ಇನ್ನು ಎರಡನೆಯವನು. 'ಸುಲಭ' ಎಂದು ಅವನು ತೋರಿಸುವುದು ಸ್ಪೇಸ್ ಮರೀನ್ ಎಂಬ ಸೈನ್ಯವನ್ನು. ಎತ್ತರದ ಆಳು, ಮೈತುಂಬ ಕವಚ, ಭುಜದ ಮೇಲೆ ಕೊಳಗ ಬೋರಲು ಹಾಕಿದಂಥ ತಟ್ಟೆ. ಅದರ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಸಿಪಾಯಿಗಳ ಸಂಖ್ಯೆ ಕಡಿಮೆ, ಕವಚ ಗಟ್ಟಿ, ಒಂದೆರಡು ತಪ್ಪು ನಡೆ ನಡೆದರೂ ಸೈನ್ಯ ಉಳಿದುಕೊಳ್ಳುತ್ತದೆ. ಆದರೆ ಅದು ಎಲ್ಲ ಅಂಗಡಿಗಳ ಎದುರು ಸಾಲಿನಲ್ಲಿ ಕಾಣುವುದು ಸುಲಭ ಎಂಬ ಒಂದೇ ಕಾರಣಕ್ಕಲ್ಲ. ಕಂಪನಿ ಅತಿ ಹೆಚ್ಚು ಬಗೆಯಲ್ಲಿ ಮಾಡುವ ಗೊಂಬೆ ಅದು. ಹೊಸಬರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಪಕ್ಷ ಅದೇ. ಅಂಗಡಿಯಲ್ಲಿ ರಾಶಿ ಬಿದ್ದಿರುವುದನ್ನು 'ನಿಮಗೆ ಚೆನ್ನಾಗಿ ಒಪ್ಪುತ್ತದೆ ಮೇಡಂ' ಎಂದು ಹಾಸಿ ತೋರಿಸುವ ಸೀರೆ ಅಂಗಡಿಯವರನ್ನು ನಾವು ನೋಡಿಲ್ಲವೇ?

ಬಣ್ಣ ಹಚ್ಚುವುದಕ್ಕೂ ಅದು ಅಷ್ಟೇನೂ ಸುಲಭವಲ್ಲ. ನುಣುಪಾದ ಅಗಲ ಕವಚದ ಮೇಲೆ ಕುಂಚದ ಒಂದೊಂದು ಗೀರೂ ಎದ್ದು ಕಾಣುತ್ತದೆ, ಹೊಸ ಗೋಡೆಗೆ ಅರ್ಧಂಬರ್ಧ ಸುಣ್ಣ ಬಳಿದ ಹಾಗೆ. ಅದರ ಬದಲು ನೆಕ್ರಾನ್ ಎಂಬ ಸೈನ್ಯವಿದೆ: ಲೋಹದ ಅಸ್ಥಿಪಂಜರಗಳು. ಬೆಳ್ಳಿ ಬಣ್ಣ ಸಿಂಪಡಿಸಿ ಮೇಲೆ ಕಪ್ಪು ನೆರಳುಬಣ್ಣ ಹರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಆರ್ಕ್ ಎಂಬ ಹಸಿರು ರಾಕ್ಷಸರಿದ್ದಾರೆ: ತೇಪೆ ಹಾಕಿದ ಬಟ್ಟೆ, ತುಕ್ಕು ಹಿಡಿದ ಕತ್ತಿ. ಅಲ್ಲಿ ಕೈ ತಪ್ಪಿ ಬಿದ್ದ ಬಣ್ಣವೂ ಬೇಕೆಂದೇ ಹಚ್ಚಿದ ಹಾಗೆ ಕಾಣುತ್ತದೆ. ಪಾಪ, ಅವರ ಗುರಿ ಮಾತ್ರ ಕೆಟ್ಟದ್ದು. ಸಾಮಾನ್ಯವಾಗಿ ದಾಳದಲ್ಲಿ ಐದೋ ಆರೋ ಬಿದ್ದರೇ ಗುಂಡು ತಾಗುವುದು. ಅದರಿಂದಲೇ ಅವರ ಆಟದಲ್ಲಿ ನಗು ಜಾಸ್ತಿ. ಇದನ್ನೆಲ್ಲ ಹೇಳದೆ 'ಹೊಸಬರಿಗೆ ಇದೇ' ಎಂದು ಷರಾ ಬರೆದುಬಿಟ್ಟರೆ ಮಗುವಿನ ಆಯ್ಕೆ ಎಲ್ಲಿ ಉಳಿಯಿತು?

ಮೂರನೆಯವನ ಮೇಲೆ ನನಗೆ ನಿಜವಾದ ಸಿಟ್ಟಿದೆ. ಹಲವು ಕಂಪನಿಗಳ ಆಟ ಮಾರುವ ಅಂಗಡಿಯೊಂದರಲ್ಲಿ ಅವನನ್ನು ಕಂಡೆ. ಕೊಳ್ಳುವವಳು ನನ್ನ ಮೊಮ್ಮಗಳು, ಹುಟ್ಟುಹಬ್ಬದ ದುಡ್ಡು ಅವಳ ಮುಷ್ಟಿಯಲ್ಲಿದೆ. ಅವನು ಮಾತಾಡಿದ್ದು ಪಕ್ಕದಲ್ಲಿ ನಿಂತಿದ್ದ ಅಳಿಯನ ಹತ್ತಿರ. 'ಮಗಳಿಗಾದರೆ ಸಿಸ್ಟರ್ಸ್ ಆಫ್ ಬ್ಯಾಟಲ್ ಇದೆ' ಎಂದ. ಕವಚ ತೊಟ್ಟ ಸನ್ಯಾಸಿನಿಯರ ಸೈನ್ಯ ಅದು. ಹುಡುಗಿ ನನ್ನ ಸೆರಗು ಜಗ್ಗಿ, "ಅಜ್ಜಿ, ನಂಗೆ ಏನು ಬೇಕು ಅಂತ ಇವರು ಕೇಳ್ತಾನೇ ಇಲ್ವಲ್ಲ" ಎಂದಳು.

ಸಿಸ್ಟರ್ಸ್ ಸೈನ್ಯ ಚೆಂದವಿದೆ. ಬೇಕೆನ್ನುವವಳು ಧಾರಾಳವಾಗಿ ಕೊಳ್ಳಲಿ. ಆದರೆ ಅದರ ಚರಿತ್ರೆ ಕೇಳಿ. 1997ರಲ್ಲಿ ಲೋಹದ ಗೊಂಬೆಗಳಾಗಿ ಆ ಸೈನ್ಯ ಬಂತು. ಉಳಿದ ಸೈನ್ಯಗಳು ಒಂದೊಂದಾಗಿ ಪ್ಲಾಸ್ಟಿಕ್ಕಿಗೆ ಬದಲಾದವು. ಇವರಿಗೆ ಪೂರ್ತಿ ಹೊಸ ಪ್ಲಾಸ್ಟಿಕ್ ಸೈನ್ಯ ಸಿಕ್ಕಿದ್ದು 2019ರ ಕೊನೆಯಲ್ಲಿ. ಇಪ್ಪತ್ತೆರಡು ವರ್ಷ ಅಡುಗೆಮನೆ ಬಾಗಿಲಲ್ಲಿ ಕಾಯಿಸಿ ಊಟಕ್ಕೆ ಕರೆದ ಹಾಗಾಯಿತು. ಇನ್ನು ಬಣ್ಣದ ಮಾತು: ನಿಲುವಂಗಿಯ ಮಡಿಕೆ, ಜಪಮಣಿ, ಕವಚದ ಮೇಲೆ ಹೂವಿನ ಕೆತ್ತನೆ, ಮೆಣಸಿನ ಕಾಳಿನಷ್ಟು ಚಿಕ್ಕ ಮುಖದಲ್ಲಿ ಕಣ್ಣು. ಹೊಸ ಕೈಗೆ ಅತಿ ಕಷ್ಟದ ಗೊಂಬೆಗಳಲ್ಲಿ ಇವು ಸೇರಿವೆ. ಹುಡುಗಿ ಎಂಬ ಒಂದೇ ಕಾರಣಕ್ಕೆ, ಹೊಸಬಳ ಕೈಗೆ ಅಷ್ಟು ಕಷ್ಟದ್ದನ್ನು ಕೊಡಿಸಹೊರಟ ಆ ಮಹಾಶಯನಿಗೆ ತನ್ನ ಸರಕೇ ಗೊತ್ತಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ಇನ್ನೊಂದು ರಂಪವಾಯಿತು. ಈ ಆಟದ ಕಥೆಯಲ್ಲಿ ಚಕ್ರವರ್ತಿಗೆ ಕಸ್ಟೋಡೀಸ್ ಎಂಬ ಹೊನ್ನಿನ ಕವಚದ ಅಂಗರಕ್ಷಕರಿದ್ದಾರೆ. ಎಲ್ಲ ಗಂಡಸರೆಂದೇ ಓದುಗರು ನಂಬಿದ್ದರು. ಹೊಸ ಪುಸ್ತಕದಲ್ಲಿ ಅವರಲ್ಲೊಬ್ಬಳು ಹೆಂಗಸು ಕಾಣಿಸಿಕೊಂಡಳು. ಹೆಂಗಸರು ಮೊದಲಿನಿಂದಲೂ ಇದ್ದರು ಎಂದುಬಿಟ್ಟಿತು ಕಂಪನಿ. ಅದರ ಮೇಲೆ ಎಷ್ಟು ಮಂದಿ ಬೆಳೆದ ಗಂಡಸರು ಎಷ್ಟು ಕೂಗಾಡಿದರೆಂದರೆ, ಯಾರದೋ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳು ಪಾಲು ಕೇಳಿದಳೇನೋ ಅನ್ನಬೇಕು. ಕಂಪನಿಯ ಮಾತೂ ನನಗೆ ಹಿಡಿಸಲಿಲ್ಲ. ಇಲ್ಲದವಳನ್ನು ಇದ್ದಳೆಂದು ಸಾಧಿಸುವ ಬದಲು 'ಇಂದಿನಿಂದ ಇದ್ದಾಳೆ' ಎಂದಿದ್ದರೆ ಏನು ಹೋಗುತ್ತಿತ್ತು?

ಈ ಬುದ್ಧಿ ಇಂದಿನದಲ್ಲ. ಮನೆಯಲ್ಲಿ ಆಡುವ ಗೊಂಬೆ ಯುದ್ಧಕ್ಕೆ ನಿಯಮ ಬರೆದು ಜನಪ್ರಿಯ ಮಾಡಿದವರು ಎಚ್. ಜಿ. ವೆಲ್ಸ್, ಅವರ 'ಲಿಟಲ್ ವಾರ್ಸ್' ಪುಸ್ತಕ 1913ರಲ್ಲಿ ಬಂತು. ಆಟ ಯಾರಿಗೆಂದು ಪುಸ್ತಕದ ಹೆಸರಿನ ಕೆಳಗೇ ಹೇಳಿದ್ದಾರೆ. ಹನ್ನೆರಡು ವರ್ಷದಿಂದ ನೂರೈವತ್ತರವರೆಗಿನ ಹುಡುಗರೆಲ್ಲರಿಗೂ ಅಂತೆ. ಹುಡುಗಿಯರಲ್ಲಾದರೆ ಹುಡುಗರ ಆಟವನ್ನು ಮೆಚ್ಚುವಷ್ಟು ಜಾಣೆಯರಾದವರಿಗೆ ಅಂತೆ. ಹುಡುಗನಿಗೆ ಬುದ್ಧಿಯ ಷರತ್ತಿಲ್ಲ, ಹುಡುಗಿಗಿದೆ! ಇನ್ನೊಂದು ತಮಾಷೆ ನೋಡಿ. ಆ ಕಾಲದಲ್ಲಿ ಇಂಗ್ಲೆಂಡಿನ ಮನೆಮನೆಗೆ ಸೀಸದ ಸಿಪಾಯಿಗಳನ್ನು ಒದಗಿಸುತ್ತಿದ್ದದ್ದು ಲಂಡನ್ನಿನ ಬ್ರಿಟನ್ಸ್ ಕಂಪನಿ. ಅವರ ಸಿಪಾಯಿಗಳಿಗೆ ಕೆಂಪು ಅಂಗಿ, ಕಪ್ಪು ಟೋಪಿ ಬರೆದವರಲ್ಲಿ ಬಹುಪಾಲು ಹೆಂಗಸರು. ಕೂಲಿಗೆ ಬಣ್ಣ ಹಚ್ಚುವಾಗ ಅವರ ಜಾಣತನವನ್ನು ಯಾರೂ ಪರೀಕ್ಷಿಸಿದ ಹಾಗಿಲ್ಲ.

ಜಾಣತನದ ಮಾತು ಬಂದದ್ದರಿಂದ ಇದೊಂದನ್ನು ಹೇಳಿ ಮುಂದೆ ಹೋಗುತ್ತೇನೆ. 1942ರಲ್ಲಿ ಜರ್ಮನಿಯ ಸಬ್‌ಮರೀನುಗಳು ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿಗೆ ಅನ್ನ ತರುವ ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದವು. ಆ ವರ್ಷದ ಜನವರಿಯಲ್ಲಿ ನೌಕಾಪಡೆ ಲಿವರ್‌ಪೂಲಿನಲ್ಲಿ ಒಂದು ಘಟಕ ತೆರೆದು ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಗೆ ವಹಿಸಿತು. ಅವರಿಗೆ ಕೊಟ್ಟ ಸಿಬ್ಬಂದಿ ಹೆಚ್ಚಾಗಿ ನೌಕಾಪಡೆಯ ಮಹಿಳಾ ವಿಭಾಗದ ಹುಡುಗಿಯರು. ನೆಲವೇ ಸಮುದ್ರ. ಅದರ ಮೇಲೆ ಪುಟ್ಟ ಹಡಗುಗಳು, ಸೀಮೆಸುಣ್ಣದಲ್ಲಿ ಗುರುತು ಮಾಡಿದ ದಾರಿಗಳು. ನಮ್ಮ ಗೊಂಬೆ ಯುದ್ಧದಂಥದೇ ಆಟ. ಹಾಗೆ ಆಡಿ ಆಡಿ ಸಬ್‌ಮರೀನು ಎಲ್ಲಿ ಅಡಗುತ್ತದೆಂದು ಕಂಡುಹಿಡಿದು ಅದನ್ನು ಹಿಡಿಯುವ ತಂತ್ರ ಕಟ್ಟಿದರು. ಆ ತಂತ್ರಕ್ಕೆ ರಾಸ್ಪ್‌ಬೆರಿ ಎಂದು ಹೆಸರಿಟ್ಟವಳು ಜೀನ್ ಲೇಡ್ಲಾ ಎಂಬ ಹುಡುಗಿ. ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಮೊದಲ ಮಹಾಯುದ್ಧದಲ್ಲಿ ಸಬ್‌ಮರೀನು ನಡೆಸಿ ಹೆಸರಾದವರು. ಅವರೇ ಬಂದು ಸಬ್‌ಮರೀನಿನ ಪಕ್ಷ ಹಿಡಿದು ಆಡಿ, ಜಾನೆಟ್ ಓಕೆಲ್ ಎಂಬ ಎಳೆಯ ಹುಡುಗಿಯ ಕೈಯಲ್ಲಿ ಮತ್ತೆ ಮತ್ತೆ ಮುಳುಗಿದರು. ಆ ನೆಲದ ಮೇಲೆ ಪಾಠ ಕಲಿತು ಸಮುದ್ರಕ್ಕೆ ಹೋದ ಅಧಿಕಾರಿಗಳು ಸಾವಿರಾರು. ಇನ್ನು ಮೇಲೆ ಅಂಗಡಿಯಲ್ಲಿ ಯಾರಾದರೂ 'ಹುಡುಗಿಯರಿಗೆ ಸುಲಭದ್ದು' ಎಂದರೆ ಈ ಕಥೆ ಹೇಳಿ.

ಹಾಗಾದರೆ ಆರಿಸುವುದು ಹೇಗೆ? ಪೆಟ್ಟಿಗೆಯ ಮುಚ್ಚಳದ ಮೇಲೆ ಸೇನಾಪತಿಯ ಚಿತ್ರವಿರುತ್ತದೆ: ರೆಕ್ಕೆಯೋ, ಹೊಗೆಯುಗುಳುವ ಕತ್ತಿಯೋ, ಹಾರುವ ಬಾವುಟವೋ. ಎಲ್ಲರೂ ಮರುಳಾಗುವುದು ಅವನಿಗೇ. ಅದು ಸೀರೆಯ ಸೆರಗು. ಸೆರಗಿನ ಜರಿ ನೋಡಿ ಸೀರೆ ಕೊಂಡವಳಿಗೆ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ, ಉಟ್ಟಾಗ ಮೈತುಂಬ ಇರುವುದು ಒಡಲೇ ಹೊರತು ಸೆರಗಲ್ಲ ಎಂದು. ಸೇನಾಪತಿ ಒಬ್ಬನೇ ಇರುತ್ತಾನೆ. ಅವನ ಹಿಂದೆ ನಿಲ್ಲುವ ಸಾಮಾನ್ಯ ಪದಾತಿ ಇಪ್ಪತ್ತು, ಮೂವತ್ತು, ಕೆಲವು ಸೈನ್ಯಗಳಲ್ಲಿ ನೂರು. ನೀವು ಬಣ್ಣ ಹಚ್ಚಬೇಕಾದದ್ದು ಅವನಿಗೆ. ಆದ್ದರಿಂದ ಅಂಗಡಿಗೆ ಹೋದಾಗ ಸೇನಾಪತಿಯನ್ನು ಪಕ್ಕಕ್ಕಿಟ್ಟು, 'ನಿಮ್ಮ ಅತಿ ಸಾಧಾರಣ ಸಿಪಾಯಿಯನ್ನು ತೋರಿಸಿ' ಎಂದು ಕೇಳಿ. ಅವನನ್ನು ಮೂವತ್ತು ಸಲ ನೋಡಿದರೂ ಬೇಸರ ಬರಲಾರದು ಎನ್ನಿಸಿದರೆ ಅದು ನಿಮ್ಮ ಸೈನ್ಯ.

ಗುಂಪು ಕಟ್ಟುವ ತಾಳ್ಮೆಯೇ ಇಲ್ಲದವರಿಗೆ ಇಂಪೀರಿಯಲ್ ನೈಟ್ ಎಂಬ ಸೈನ್ಯವಿದೆ. ದೊಡ್ಡ ದೊಡ್ಡ ಯಂತ್ರಮಾನವರು ನಾಲ್ಕೈದು ಇದ್ದರೆ ಎರಡು ಸಾವಿರ ಅಂಕ ಮುಟ್ಟಿಹೋಗುತ್ತದೆ. ನವರಾತ್ರಿಗೆ ಒಂಬತ್ತು ಮೆಟ್ಟಿಲು ತುಂಬ ಗೊಂಬೆ ಕೂರಿಸುವವರೂ ಇದ್ದಾರೆ, ಪಟ್ಟದ ಗೊಂಬೆ ಜೋಡಿಯೊಂದನ್ನಿಟ್ಟು ಆರತಿ ಎತ್ತುವವರೂ ಇದ್ದಾರೆ. ಯಾರದೂ ತಪ್ಪಲ್ಲ.

ನನ್ನ ಮೊಮ್ಮಗಳು ಆರಿಸಿದ್ದು ಟೈರನಿಡ್ ಎಂಬ ಹುಳುಗಳ ಸೈನ್ಯ. ಪಟ್ಟಿ ನೋಡಲಿಲ್ಲ, ಸೇನಾಪತಿಯನ್ನೂ ನೋಡಲಿಲ್ಲ. ಅತಿ ಚಿಕ್ಕ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು, "ಇದಕ್ಕೆ ನಿಮ್ಮ ತೋಟದ ಜೀರುಂಡೆ ಬಣ್ಣ ಹಚ್ತೀನಿ ಅಜ್ಜಿ" ಎಂದಳು. ಆ ಹುಳುವಿನ ಹೆಸರು ಟರ್ಮಗಾಂಟ್. ಇಂಗ್ಲಿಷ್ ನಿಘಂಟು ತೆಗೆದು ನೋಡಿ, ಬಾಯಿಬಡುಕಿ, ಬಜಾರಿ ಹೆಂಗಸು ಎಂಬ ಅರ್ಥವಿದೆ. ಇಪ್ಪತ್ತು ಬಜಾರಿಯರು ಈಗ ಮಗಳ ಮನೆಯ ಕಿಟಕಿಯಲ್ಲಿ ಒಣಗುತ್ತಿದ್ದಾರೆ.

ಹೆಣ್ಣುಮಕ್ಕಳಿಗೆ ಯುದ್ಧದ ಆಟವೇ ಏಕೆ ಎಂದು ಕೇಳುವವರೂ ಇದ್ದಾರೆ. ಗಂಡುಮಕ್ಕಳಿಗೆ ಏಕೆ ಎಂದು ಅವರು ಎಂದೂ ಕೇಳಿದ್ದು ನನಗೆ ನೆನಪಿಲ್ಲ. ಆದರೂ ಪ್ರಶ್ನೆ ಸುಳ್ಳಲ್ಲ. ಈ ಬಗೆಯ ಆಟ ಹುಟ್ಟಿದ್ದು ಪ್ರಷ್ಯಾದ ಸೈನ್ಯದಲ್ಲಿ ಅಧಿಕಾರಿಗಳನ್ನು ತಯಾರು ಮಾಡಲು. ಅದರ ನಿಯಮ ಅಚ್ಚಾದದ್ದು 1824ರಲ್ಲಿ. ವೆಲ್ಸ್ ಅದನ್ನು ತಿರುಗಿಸಿ, ಯುದ್ಧ ಬೇಕೆನ್ನುವವರು ಗೊಂಬೆಗಳಲ್ಲೇ ಮಾಡಿ ಮುಗಿಸಲಿ ಎಂದು ವಾದಿಸಿದರು. ಪುಸ್ತಕ ಬಂದ ಮರುವರ್ಷವೇ ಮಹಾಯುದ್ಧ ಶುರುವಾಯಿತು. ಅವರ ಮಾತನ್ನು ಯಾರು ಕೇಳಿದರು? ವಾರ್‌ಹ್ಯಾಮರ್ ಕಥೆಯಲ್ಲಂತೂ ಒಳ್ಳೆಯ ಪಕ್ಷವೆಂಬುದೇ ಇಲ್ಲ. ಮನುಷ್ಯರ ಸಾಮ್ರಾಜ್ಯವೇ ಎಲ್ಲಕ್ಕಿಂತ ಕ್ರೂರ. ಅದು ವಿಡಂಬನೆ, ಆದರ್ಶವಲ್ಲ ಎಂದು 2021ರಲ್ಲಿ ಕಂಪನಿಯೇ ಹೇಳಿಕೆ ಕೊಡಬೇಕಾಯಿತು, ಅದನ್ನೇ ಆದರ್ಶವೆಂದು ಹಿಡಿದವರೂ ಇದ್ದುದರಿಂದ. ಮಗುವಿನ ಜೊತೆ ಕೂತು ಮಾತಾಡಲು ಇದು ಒಳ್ಳೆಯ ವಿಷಯ. ಸೈನ್ಯ ಆರಿಸುವುದೆಂದರೆ ಪಕ್ಷ ಸೇರುವುದಲ್ಲ ಎಂಬುದು ಹನ್ನೆರಡರ ಹುಡುಗಿಗೆ ಚೆನ್ನಾಗಿ ತಿಳಿಯುತ್ತದೆ. ತಿಳಿಯದೆ ಹೋದದ್ದು ದೊಡ್ಡವರಿಗೆ.

ನಾಲ್ಕನೆಯವನು ಉಳಿದ, ಬಾಯಿ ಬಿಡದೆ ಎರಡು ಸಾವಿರ ಅಂಕದ ಸೈನ್ಯವನ್ನು ಒಂದೇ ಸಲ ಕೊಡಿಸುವವನು. ಹೆಚ್ಚಾಗಿ ಅಪ್ಪನೋ ಸೋದರಮಾವನೋ ಆಗಿರುತ್ತಾನೆ, ಪ್ರೀತಿಯಿಂದಲೇ ಮಾಡುತ್ತಾನೆ. ಅವನ ಕೈ ಹಿಡಿಯಿರಿ. ಒಂದು ಪೆಟ್ಟಿಗೆ ಸಾಕು. 2023ರ ನಿಯಮದಲ್ಲಿ ಒಂದೊಂದೇ ಪೆಟ್ಟಿಗೆಯ ಸೈನ್ಯಗಳು ಎದುರುಬದುರಾಗಿ ಆಡುವ ಕ್ರಮವನ್ನೂ ಸೇರಿಸಿದರು. ಅದಕ್ಕೆ ಕಾಂಬ್ಯಾಟ್ ಪೆಟ್ರೋಲ್ ಎನ್ನುತ್ತಾರೆ. ಅಷ್ಟೂ ಬೇಡವೆಂದರೆ ಹತ್ತು ಸಿಪಾಯಿಗಳ ಪೆಟ್ಟಿಗೆ ಕೊಳ್ಳಿ. ಹತ್ತಕ್ಕೂ ಬಣ್ಣ ಹಚ್ಚಿದ ಮೇಲೆ ಹನ್ನೊಂದನೆಯದು ಬೇಕೆನ್ನಿಸಿದರೆ ಮತ್ತೆ ಅಂಗಡಿಗೆ ಹೋದರಾಯಿತು.

ಇಂಗ್ಲೆಂಡಿನಲ್ಲಿ ಇನ್ನೊಂದು ಅನುಕೂಲವಿದೆ, ಅಲ್ಲಿರುವ ನಿಮ್ಮ ಮಕ್ಕಳಿಗೆ ಹೇಳಿ. ಬಳಸಿದ ಸೈನ್ಯಗಳು ಅಗ್ಗಕ್ಕೆ ಮಾರಾಟಕ್ಕೆ ಬರುತ್ತವೆ. ಹೆಚ್ಚಿನವು ಒಂದೇ ಥರ: ಸೇನಾಪತಿಗೆ ಪೂರ್ತಿ ಬಣ್ಣ, ಐದಾರು ಸಿಪಾಯಿಗಳಿಗೆ ಅರ್ಧ ಬಣ್ಣ, ಉಳಿದವು ಚೌಕಟ್ಟಿನಿಂದ ಬಿಡಿಸದೆ ಹಾಗೇ ಇರುತ್ತವೆ. ಯಾವುದೋ ವರ್ಷದ ಪಟ್ಟಿಯಲ್ಲಿ ತುದಿಗಿದ್ದವೇ ಅದರಲ್ಲಿ ಜಾಸ್ತಿ. ಮೊಮ್ಮಗಳ ಎರಡನೆಯ ಪೆಟ್ಟಿಗೆ ಬಂದದ್ದು ಹಾಗೆಯೇ. ಬೇಡವಾದ ಬಣ್ಣ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಹಾಕಿ, ಕಿಟಕಿ ತೆರೆದಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಬೆಳ್ಳಿ ಕುಂಕುಮಭರಣಿ ತಿಕ್ಕಿ ಅಭ್ಯಾಸವಿರುವ ಕೈಗೆ ಆ ಕೆಲಸ ಹೊಸದೇನಲ್ಲ; ಆ ಭಾಗ ನಾನು ವಹಿಸಿಕೊಂಡೆ.